ಕುರ್ಚಿ, ಮರಳುಚೀಲ, ಎರಡು ಹಾಳೆ: ಹೆಣ್ಣಿಗೆ ಒಲಿದ ಹಿರಿಯ ಹೆಂಗಸರಿಗಾಗಿ ಊರಲ್ಲೊಂದು ವ್ಯಾಯಾಮ ಕೂಟ ನಡೆಸುವ ಬಗೆ

ಐವತ್ತೈದು ದಾಟಿದ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವುದು ದೊಡ್ಡ ವಿದ್ಯೆಯೇನಲ್ಲ. ಹತ್ತು ಗಟ್ಟಿ ಕುರ್ಚಿ, ಒಂದು ಗೋಡೆ, ವಾರಕ್ಕೆ ಎರಡು ಬೆಳಗ್ಗೆ ಇದ್ದರೆ ಸಾಕು. ಕಷ್ಟ ಇರುವುದು ಬಂದವರು ನಾಲ್ಕನೆಯ ವಾರವೂ ಬರುವಂತೆ ಮಾಡುವುದರಲ್ಲಿ. ಬಂದವರು ಲೆಸ್ಬಿಯನ್ (ಹೆಣ್ಣಿಗೆ ಒಲಿದವರು) ಅಥವಾ ಬೈಸೆಕ್ಷುವಲ್ (ಹೆಣ್ಣು, ಗಂಡು ಇಬ್ಬರಿಗೂ ಒಲಿಯುವವರು) ಆಗಿದ್ದು, ಕೂಟ ನಡೆಯುವುದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಆಗಿದ್ದರೆ ಆ ಕಷ್ಟ ಇಮ್ಮಡಿ. ಇಲ್ಲಿ ಬಸ್ಸಿನ ಕಂಡಕ್ಟರಿಗೂ ನಿಮ್ಮ ಮನೆ ಗೊತ್ತು, ತಂಗಿಯ ಗಂಡನ ಹೆಸರೂ ಗೊತ್ತು. ಹಾಗಾಗಿ ಈ ಬರಹದ ಅರ್ಧದಷ್ಟು ಮೊಣಕಾಲಿನ ಬಗ್ಗೆ ಇದ್ದರೆ, ಇನ್ನರ್ಧ ಫಾರಂ, ಫೋನು, ಬೀಗದಕೈಗಳ ಬಗ್ಗೆ.

ಇಂಥ ಕೂಟಗಳು ಹೊಸದಲ್ಲ. ಅಮೆರಿಕದಲ್ಲಿ 2010ರ ದಶಕದಲ್ಲಿ ಕೇಂದ್ರ ಸರ್ಕಾರದ ಮಹಿಳಾ ಆರೋಗ್ಯ ಕಚೇರಿಯ ಹಣದಿಂದ, 40 ದಾಟಿದ ಲೆಸ್ಬಿಯನ್ ಮತ್ತು ಬೈಸೆಕ್ಷುವಲ್ ಹೆಂಗಸರಿಗೆಂದೇ ಐದು ಕಾರ್ಯಕ್ರಮಗಳು ನಡೆದವು. ಸ್ಯಾನ್ ಫ್ರಾನ್ಸಿಸ್ಕೋ, ನ್ಯೂಯಾರ್ಕ್, ವಾಷಿಂಗ್ಟನ್, ಸೇಂಟ್ ಲೂಯಿಸ್ ಮುಂತಾದ ಕಡೆ 12 ಅಥವಾ 16 ವಾರಗಳ ಗುಂಪು ಕೂಟಗಳು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲಿಂದ ನಾವು ತೆಗೆದುಕೊಳ್ಳಬಹುದಾದ್ದು ಮೂರು: ಕೂಟಕ್ಕೆ ಒಂದು ಅವಧಿ ಇರಲಿ, ನಡೆಸುವವರು ಅವರೊಳಗಿನವರೇ ಇರಲಿ, ತೂಕ ಇಳಿಸುವುದೊಂದೇ ಗುರಿ ಆಗದಿರಲಿ. ಬಿಡಬೇಕಾದ್ದು ಅವರ ಪ್ರಚಾರದ ರೀತಿ. ಉಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಅಂಥ ಹೆಸರಿನ ನೋಟೀಸು ಅಂಟಿಸಿದರೆ, ಬರಬೇಕಾದವರೇ ಮೊದಲು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ.

ಮೊದಲ ಕೆಲಸ: ಹೊರಗಿನ ಹೆಸರು

ಬೋರ್ಡಿಗೆ, ರಶೀದಿಗೆ, ಸಭಾಂಗಣ ಕೊಡುವವರಿಗೆ ಒಂದೇ ಹೆಸರು ಸಾಕು: ಹಿರಿಯ ಮಹಿಳೆಯರ ಬೆಳಗ್ಗಿನ ವ್ಯಾಯಾಮ. ಅದು ಸುಳ್ಳಲ್ಲ, ನಡೆಯುವುದು ಅದೇ. ಕಾನೂನಿನ ಭಯ ಬೇಡ. 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪಿನ ನಂತರ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ. ಮದುವೆಯ ಹಕ್ಕನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಕೊಡಲಿಲ್ಲ, ಆ ಮಾತು ಬೇರೆ. ಕೂಟದ ಸದಸ್ಯರು ಹೆದರುವುದು ಪೊಲೀಸರಿಗಲ್ಲ, ಮೈದುನನಿಗೆ.

ಮುಂದಿನ ಪ್ರಶ್ನೆ, ಬಾಗಿಲು ಎಷ್ಟು ತೆರೆದಿರಬೇಕು. ದೊಡ್ಡ ಪಟ್ಟಣದಲ್ಲಾದರೆ ಈ ಹೆಂಗಸರಿಗೆ ಮಾತ್ರ ಎಂಬ ಕೂಟ ನಡೆಯುತ್ತದೆ. ಪೆರ್ಲ, ಮುಳ್ಳೇರಿಯದಂಥ ಊರಲ್ಲಿ ಹತ್ತು ಜನರ ಪ್ರತ್ಯೇಕ ಕೂಟ ಎಂದರೆ ಒಬ್ಬಳ ಗುಟ್ಟು ಹೊರಬಿದ್ದ ದಿನ ಹತ್ತೂ ಜನರ ಗುಟ್ಟು ಹೊರಬಿದ್ದಂತೆ. ಅದಕ್ಕಿಂತ ಎಲ್ಲ ಹಿರಿಯ ಹೆಂಗಸರೂ ಬರಬಹುದಾದ ಕೂಟವೊಂದು, ಅದರೊಳಗೆ ನಡೆಸುವವರಿಗೆ ಮಾತ್ರ ಗೊತ್ತಿರುವ ನಾಲ್ಕೈದು ಜನ: ಇದು ಹೆಚ್ಚು ಬಾಳಿಕೆಯ ಏರ್ಪಾಡು ಎಂಬುದು ನಮ್ಮ ಅಭಿಪ್ರಾಯ. ವ್ಯಾಯಾಮದ ನಂತರದ ಚಹಾದ ಹೊತ್ತಿನಲ್ಲಿ ಆ ನಾಲ್ಕೈದು ಜನಕ್ಕೆ ತಮ್ಮದೇ ಮೂಲೆ ಸಿಗಲಿ.

ಯಾರನ್ನೂ ಗುರುತು ಹೇಳಿಸಲು ಹೋಗಬೇಡಿ. ಈ ವಯಸ್ಸಿನವರಲ್ಲಿ ಬಹಳ ಮಂದಿ ಲೆಸ್ಬಿಯನ್ ಎಂಬ ಪದವನ್ನು ತಮಗಾಗಿ ಎಂದೂ ಬಳಸಿದವರಲ್ಲ. ‘ನನ್ನ ಒಟ್ಟಿಗೆ ಇರುವವರು’, ‘ನಮ್ಮ ಟೀಚರು’, ‘ನನ್ನ ಗೆಳತಿ’ ಎಂದಷ್ಟೇ ಹೇಳುತ್ತಾರೆ. ಅವರು ಬಳಸಿದ ಪದವನ್ನೇ ನೀವೂ ಬಳಸಿ. ಸದಸ್ಯರನ್ನು ಸೇರಿಸುವುದು ಬಾಯಿಂದ ಬಾಯಿಗೆ, ಒಬ್ಬರಿಂದ ಒಬ್ಬರಿಗೆ. ಕೇರಳದಲ್ಲಿ ಈ ಹೆಂಗಸರ ಜೊತೆ ಕೆಲಸ ಮಾಡುವ, ತೃಶ್ಶೂರಿನ ಸಹಯಾತ್ರಿಕದಂಥ ಸಂಘಟನೆಯೊಡನೆ ಸಂಪರ್ಕ ಇಟ್ಟುಕೊಂಡರೆ ಸಲಹೆಗೆ ಒಂದು ಬಾಗಿಲು ಇದ್ದಂತಾಗುತ್ತದೆ.

ಜಾಗ

ಒಬ್ಬರಿಗೆ ಕೈ ಚಾಚಿ ತಿರುಗಲು 4 ಚದರ ಮೀಟರ್ ಬೇಕು. ಹತ್ತು ಜನಕ್ಕೆ 20 ಅಡಿ ಉದ್ದ, 22 ಅಡಿ ಅಗಲದ ಕೋಣೆ ಸರಿಹೋಗುತ್ತದೆ. ವಾಚನಾಲಯದ ಸಭಾಂಗಣ, ಶಾಲೆಯ ರಜಾದಿನದ ಕೋಣೆ, ದೊಡ್ಡ ಮನೆಯ ಚಾವಡಿ ಯಾವುದಾದರೂ ಆಗಬಹುದು. ದೇವಸ್ಥಾನದ ಅಥವಾ ಮಸೀದಿಯ ಹಾಲ್ ಬೇಡ, ಅಲ್ಲಿ ಒಂದು ಜಾತಿ-ಮತದವರಿಗೆ ಬರಲು ಸಂಕೋಚ.

ನೋಡಬೇಕಾದ್ದು ಇಷ್ಟು. ಶೌಚಾಲಯ ಒಳಗಿನಿಂದಲೇ ಹೋಗುವಂತಿರಬೇಕು, ಒಂದಾದರೂ ಕಮೋಡ್ ಇರಬೇಕು. ಮೆಟ್ಟಿಲು ಮೂರಕ್ಕಿಂತ ಹೆಚ್ಚಿದ್ದರೆ ಹಿಡಿಯಲು ಕಂಬಿ ಬೇಕು. ಕಿಟಕಿಯ ಕೆಳಭಾಗಕ್ಕೆ ಪರದೆ ಬೇಕು, ಏಕೆಂದರೆ ಕಾಲು ಎತ್ತುವಾಗ ಸೀರೆ ಸರಿಯುತ್ತದೆ, ರಸ್ತೆಯಲ್ಲಿ ಹೋಗುವವರು ಕಾಣುತ್ತಾರೆ ಎಂದಾದರೆ ಯಾರೂ ಕಾಲು ಎತ್ತುವುದಿಲ್ಲ. ನೆಲ ಹಳೆಯ ರೆಡ್ ಆಕ್ಸೈಡ್ ಆದರೆ ಒಣಗಿದಾಗ ಚೆನ್ನ. ಹೊಳೆಯುವ ಟೈಲ್ಸ್ ಮಳೆಗಾಲದಲ್ಲಿ ಅಪಾಯ: ಬಾಗಿಲಲ್ಲಿ ಎರಡು ಗೋಣಿಚೀಲ, ಅದರಾಚೆ ಒಂದು ಹಳೆ ಬೆಡ್‌ಶೀಟು ಹಾಸಿ, ಕಾಲು ಒರಸಿಕೊಂಡೇ ಒಳಗೆ ಬರಲಿ.

ಸದಸ್ಯರು ತಮ್ಮ ಸ್ವಂತ ಊರಿನ ಕೂಟಕ್ಕೆ ಬರಲು ಹಿಂಜರಿಯಬಹುದು. ಹತ್ತು ಹದಿನೈದು ನಿಮಿಷದ ಬಸ್ಸಿನ ದೂರ ಅನುಕೂಲ. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಗೆ ರೈಲೂ ಉಂಟು. ಘಟ್ಟದ ಕಡೆಯವರಿಗೆ ಬಸ್ಸೇ ಗತಿ, ಆದ್ದರಿಂದ ಸಮಯವನ್ನು ಬಸ್ಸಿನ ವೇಳೆ ನೋಡಿ ಇಡಿ, ನಿಮ್ಮ ಅನುಕೂಲ ನೋಡಿ ಅಲ್ಲ. ಮಾರ್ಚಿನಿಂದ ಮೇವರೆಗೆ ಬೆಳಗ್ಗೆ ಎಂಟೂವರೆಯೊಳಗೆ ಮುಗಿಯಬೇಕು, ಆಮೇಲೆ ಸೆಕೆ ತಡೆಯುವುದಿಲ್ಲ. ಬೀಗದಕೈ ಇಬ್ಬರ ಹತ್ತಿರ ಇರಲಿ. ಒಬ್ಬರ ಹತ್ತಿರ ಮಾತ್ರ ಇದ್ದು ಅವರಿಗೆ ಜ್ವರ ಬಂದರೆ, ಹೊರಗೆ ಜಗಲಿಯಲ್ಲಿ ಕಾಯುತ್ತ ಕುಳಿತ ಒಂಬತ್ತು ಹೆಂಗಸರನ್ನು ಊರು ಪ್ರಶ್ನೆ ಕೇಳುತ್ತದೆ.

ಫೋನು

ವಾಟ್ಸಾಪ್ ಗುಂಪು ಮಾಡಬೇಡಿ. ಗುಂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ, ಹೊಸಬರು ಬಂದ ಕೂಡಲೇ ಹಳಬರ ಗುಟ್ಟು ಅವರ ಕೈಗೆ. ಅದರ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ: ನೀವು ಒಮ್ಮೆ ಕಳಿಸಿದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದೇ ತೊಡಕು ಎಂದರೆ ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರಬೇಕು, ಇಲ್ಲವಾದರೆ ಸಂದೇಶ ತಲುಪುವುದಿಲ್ಲ. ಮೊದಲ ದಿನವೇ ಸೇವ್ ಮಾಡಿಸಿ, ಹೆಸರು ‘ವ್ಯಾಯಾಮ ಟೀಚರ್’ ಎಂದಿರಲಿ. ಸಂದೇಶ ತಾನಾಗಿ ಅಳಿಯುವ ವ್ಯವಸ್ಥೆಯನ್ನು 7 ದಿನಕ್ಕೆ ಇಡಿ. ಬರೆಯುವುದು ದಿನ, ಸಮಯ, ತರಬೇಕಾದ್ದು ಇಷ್ಟೇ. ಅಜ್ಜಿಯ ಫೋನು ಮೊಮ್ಮಗನ ಕೈಯಲ್ಲೇ ಇರುತ್ತದೆ ಎಂದು ತಿಳಿದುಕೊಂಡು ಬರೆಯಿರಿ. ಫೋಟೋ, ವೀಡಿಯೋ ಕೂಡದು. ಈ ನಿಯಮಕ್ಕೆ ವಾರ್ಷಿಕೋತ್ಸವದ ವಿನಾಯಿತಿಯೂ ಇಲ್ಲ.

ಎರಡು ತರಗತಿ ತಪ್ಪಿಸಿದವರಿಗೆ ಕರೆ ಮಾಡಲೇಬೇಕು. ಆದರೆ ಬೇರೆಯವರು ಎತ್ತಿದರೆ ಏನು ಹೇಳುವುದು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ: ‘ಬೆಳಗ್ಗಿನ ವ್ಯಾಯಾಮದ ಕ್ಲಾಸಿನಿಂದ. ಅಕ್ಕನ ಮೊಣಕಾಲು ಹೇಗುಂಟು ಅಂತ ಕೇಳುವಾ ಅಂತ ಮಾಡಿದ್ದು. ಬುಧವಾರ ಕ್ಲಾಸು ಉಂಟು ಅಂತ ಹೇಳಿಬಿಡಿ.’ ಇಷ್ಟು ಸಾಕು. ‘ಆಮೇಲೆ ಮಾಡುತ್ತೇನೆ’ ಎಂದು ತಡವರಿಸಿ ಫೋನಿಟ್ಟರೆ ಇಲ್ಲದ ಸಂಶಯ ಹುಟ್ಟುತ್ತದೆ.

ಎರಡು ಹಾಳೆ

ಮೊದಲ ದಿನ ತುಂಬಿಸುವ ಮಾಹಿತಿ ಎರಡು ಹಾಳೆಯಲ್ಲಿ ಇರಲಿ. ಮೊದಲನೆಯದು ಸಭಾಂಗಣದವರು ನೋಡಿದರೂ ತೊಂದರೆ ಇಲ್ಲದ್ದು: ಹೆಸರು, ವಯಸ್ಸು, ಆರೋಗ್ಯದ ಪ್ರಶ್ನೆಗಳು. ‘ಗಂಡನ ಹೆಸರು’, ‘ವಿವಾಹಿತೆ/ಅವಿವಾಹಿತೆ/ವಿಧವೆ’ ಎಂಬ ಸಾಲುಗಳನ್ನು ಅಂಗಡಿಯಲ್ಲಿ ಸಿಗುವ ಫಾರಂನಿಂದ ನಕಲು ಮಾಡಬೇಡಿ. ಮೂವತ್ತು ವರ್ಷ ಒಬ್ಬಳ ಜೊತೆ ಬಾಳಿದವಳು ಆ ಸಾಲಿನ ಮುಂದೆ ಪೆನ್ನು ಹಿಡಿದು ಕುಳಿತರೆ ಮರುದಿನ ಬರುವುದಿಲ್ಲ.

ಆರೋಗ್ಯದ ಪ್ರಶ್ನೆಗಳು: ಎದೆನೋವು ಬರುತ್ತದೆಯೇ? ತಲೆತಿರುಗಿ ಬಿದ್ದದ್ದುಂಟೇ? ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ? ಯಾವ ಮಾತ್ರೆ, ಎಷ್ಟು ಹೊತ್ತಿಗೆ? ಮೂಳೆ ಸವೆತ, ಮುರಿತ, ಮಂಡಿ ಬದಲಿಸಿದ ಆಪರೇಷನ್, ಕಣ್ಣಿನ ಗ್ಲಾಕೋಮಾ, ಉಬ್ಬಸ? ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುತ್ತದೆಯೇ? ಕೊನೆಯ ಪ್ರಶ್ನೆಯನ್ನು ಬರೆಸುವುದಕ್ಕಿಂತ ಬದಿಗೆ ಕರೆದು ಕೇಳಿ. ವ್ಯಾಯಾಮ ಬಿಟ್ಟವರಲ್ಲಿ ಎಷ್ಟೋ ಮಂದಿಯ ಹೇಳದ ಕಾರಣ ಇದು.

ಎರಡನೆಯ ಹಾಳೆಯಲ್ಲಿ ನಾಲ್ಕೇ ಸಾಲು. ಏನಾದರೂ ಆದರೆ ಮೊದಲು ಯಾರಿಗೆ ಕರೆ ಮಾಡಬೇಕು? ಮನೆಯವರಿಗೆ ಯಾರ ಮೂಲಕ ತಿಳಿಸಬೇಕು? ಮನೆಯವರ ಮುಂದೆ ನಿಮ್ಮ ಒಟ್ಟಿಗಿರುವವರನ್ನು ಏನೆಂದು ಹೇಳಬೇಕು: ಗೆಳತಿ, ಬಾಡಿಗೆಗೆ ಇರುವವರು, ಸಹೋದ್ಯೋಗಿ? ಯಾವ ಆಸ್ಪತ್ರೆಗೆ ಒಯ್ಯಬೇಕು? ಈ ಹಾಳೆ ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ನಂಬರು ಮಾತ್ರ ಬರೆದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಡಿ. ಬೇಕಾದಾಗ ಮಾತ್ರ ಒಡೆಯುವುದು. ಆಂಬುಲೆನ್ಸ್ 108 ಎಂಬುದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಗಾಬರಿಯಲ್ಲಿ ಗೊತ್ತಿದ್ದ ನಂಬರೂ ನೆನಪಾಗುವುದಿಲ್ಲ.

ಅಳತೆ

ತೂಕದ ಯಂತ್ರ ಬೇಡ. ನಾಲ್ಕು ಜನರ ಮುಂದೆ ತೂಕ ಹೇಳಿಸಿಕೊಂಡವರು ಮತ್ತೆ ಬರುವುದಿಲ್ಲ, ಮೊಣಕಾಲಿನ ಶಕ್ತಿಯ ಬಗ್ಗೆ ಆ ಸಂಖ್ಯೆ ಏನೂ ಹೇಳುವುದೂ ಇಲ್ಲ. ಇದರ ಬದಲು ಮೂರು ಪರೀಕ್ಷೆ.

ಒಂದು, ಕುರ್ಚಿಯಿಂದ ಏಳುವುದು. ಆಸನದ ಎತ್ತರ 17 ಇಂಚು, ಕುರ್ಚಿ ಗೋಡೆಗೆ ಒತ್ತಿರಬೇಕು. ಕೈ ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕುಳಿತರು ಎಂದು ಎಣಿಸಿ. ಹೆಂಗಸರಲ್ಲಿ 60–64 ವಯಸ್ಸಿಗೆ 12ಕ್ಕಿಂತ, 65–69ಕ್ಕೆ 11ಕ್ಕಿಂತ, 70–79ಕ್ಕೆ 10ಕ್ಕಿಂತ, 80–84ಕ್ಕೆ 9ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಕೈ ಊರಿದರೆ ಲೆಕ್ಕ ಸೊನ್ನೆ. ಸೊನ್ನೆ ಬಂದವರಿಗೆ ಅದನ್ನು ಜೋರಾಗಿ ಹೇಳಬೇಡಿ, ಬರೆದುಕೊಳ್ಳಿ ಅಷ್ಟೇ.

ಎರಡು, ಎದ್ದು ನಡೆದು ಬರುವುದು. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಸುಣ್ಣದ ಗೆರೆ ಎಳೆಯಿರಿ. ಎದ್ದು, ದಿನನಿತ್ಯದ ನಡಿಗೆಯಲ್ಲಿ ಗೆರೆವರೆಗೆ ಹೋಗಿ, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚಾದರೆ ಜಾಗ್ರತೆ.

ಮೂರು, ನಿಲ್ಲುವುದು. ಪಾದ ಪಕ್ಕಪಕ್ಕ, ಒಂದು ಪಾದ ಅರ್ಧ ಮುಂದೆ, ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಕೊನೆಗೆ ಒಂಟಿ ಕಾಲು: ಒಂದೊಂದೂ 10 ಸೆಕೆಂಡು. ಮೂರನೆಯ ಭಂಗಿಯಲ್ಲಿ 10 ಸೆಕೆಂಡು ನಿಲ್ಲಲಾಗದವರು ಮೊದಲ ತಿಂಗಳು ಗೋಡೆಯ ಪಕ್ಕದಲ್ಲೇ ಇರಲಿ. ಪರೀಕ್ಷೆ ಮಾಡುವಾಗ ನೀವು ಕೈಯಳತೆಯಲ್ಲಿ ನಿಂತಿರಿ, ಎದುರಿಗಲ್ಲ, ಪಕ್ಕಕ್ಕೆ ಸ್ವಲ್ಪ ಹಿಂದೆ.

ಬಿಪಿ ಯಂತ್ರ ಒಂದಿರಲಿ. 5 ನಿಮಿಷ ಕೂರಿಸಿ ನೋಡಿದಾಗಲೂ 180/110 ದಾಟಿದ್ದರೆ ಆ ದಿನ ವ್ಯಾಯಾಮ ಇಲ್ಲ, ಡಾಕ್ಟರ ಹತ್ತಿರ ಹೋಗಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಕೂಡದು. ಸಕ್ಕರೆ 90ಕ್ಕಿಂತ ಕೆಳಗಿದ್ದರೆ ಮೊದಲು ಒಂದು ಬಾಳೆಹಣ್ಣು, ಹತ್ತು ನಿಮಿಷ ಕೂತು ಮತ್ತೆ ನೋಡುವುದು.

ಮರಳುಚೀಲ ಹೊಲಿಯುವುದು

ಪೇಟೆಯ ಕಾಲುತೂಕ ದುಬಾರಿ, ಒಂದೇ ಅಳತೆಯದು. ಮನೆಯಲ್ಲೇ ಮಾಡಿದ್ದು ಮೇಲು. ಹಳೆ ಜೀನ್ಸ್ ಪ್ಯಾಂಟಿನ ಬಟ್ಟೆಯಲ್ಲಿ 26 ಸೆಂಟಿಮೀಟರ್ ಚೌಕ ಕತ್ತರಿಸಿ ನಡುವೆ ಮಡಚಿ. ಎರಡು ಬದಿ ಹೊಲಿದು, ಉದ್ದದ ಬಾಯಿ ತೆರೆದೇ ಇಡಿ. ತಿರುಗಿಸಿ, ಮೇಲಿನಿಂದ ಕೆಳಕ್ಕೆ ಮೂರು ಹೊಲಿಗೆ ಹಾಕಿದರೆ 6 ಸೆಂಟಿಮೀಟರ್ ಅಗಲದ ನಾಲ್ಕು ಖಾನೆ ಆಗುತ್ತದೆ. ಖಾನೆ ಇಲ್ಲದೆ ಒಂದೇ ಚೀಲ ಮಾಡಿದರೆ ಮರಳೆಲ್ಲ ಹಿಮ್ಮಡಿಯ ಕಡೆ ಇಳಿದು, ಕಾಲು ಎತ್ತಿದಾಗ ಚೀಲ ತಿರುಗಿ ಚರ್ಮ ತರಚುತ್ತದೆ.

ಮರಳನ್ನು ಜರಡಿ ಹಿಡಿದು ಎರಡು ದಿನ ಬಿಸಿಲಿಗೆ ಹಾಕಿ. ಒಂದೊಂದು ಖಾನೆಗೆ 125 ಗ್ರಾಂ ಒಣ ಮರಳು ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಇಳಿಸಿ. ಒಟ್ಟು ಅರ್ಧ ಕಿಲೋ. ತೊಟ್ಟೆಯ ಗಾಳಿ ಪೂರ್ತಿ ತೆಗೆಯಿರಿ, ಇಲ್ಲವಾದರೆ ಮೊದಲ ದಿನವೇ ಒಡೆಯುತ್ತದೆ. ಬಾಯಿಗೆ ಎರಡು ಸಾಲು ಹೊಲಿಗೆ, ಎರಡು ತುದಿಗೆ ದರ್ಜಿಯ ಹತ್ತಿರ ಸಿಗುವ ಅಂಟುಪಟ್ಟಿ. ಮರಳಿನ ಬದಲು ಅಕ್ಕಿ ಹಾಕುವವರಿದ್ದಾರೆ. ನಮ್ಮ ಮಳೆಗಾಲದಲ್ಲಿ ಎರಡು ವಾರದಲ್ಲಿ ಹುಳ ನಡೆಯುತ್ತದೆ.

ಕೈಗೆ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು, ಅದೂ ಅರ್ಧ ಕಿಲೋ. ಹಳೆ ಸೈಕಲ್ ಟ್ಯೂಬು ಎಳೆಯುವ ಉಪಾಯ ಬೇಡ, ಬಿರುಕು ಬಿಟ್ಟದ್ದು ಹರಿದು ಮುಖಕ್ಕೆ ಹೊಡೆಯುತ್ತದೆ. ಕುರ್ಚಿ ಮರದ್ದು ಅಥವಾ ಕಬ್ಬಿಣದ್ದು. ಮದುವೆ ಹಾಲಿನ ತೆಳು ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಟೈಲ್ಸಿನ ಮೇಲೆ ಹೊರಕ್ಕೆ ಜಾರುತ್ತದೆ. ಬೇರೆ ಇಲ್ಲವೆಂದಾದರೆ ಎರಡು ಕುರ್ಚಿ ಒಂದರೊಳಗೊಂದು ಸೇರಿಸಿ, ಗೋಡೆಗೆ ಒತ್ತಿ ಇಡಿ.

ಒಂದು ಗಂಟೆಯ ತರಗತಿ

ಉಡುಪಿನ ಮಾತು ಮೊದಲು. ಚೂಡಿದಾರ ಸುಲಭ. ಸೀರೆಯಾದರೆ ನೆರಿಗೆಯನ್ನು ಒಂದು ಗೇಣು ಮೇಲಕ್ಕೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿಯಲಿ. ನೈಟಿ ಬೇಡ, ಹಿಂದಕ್ಕೆ ಹೆಜ್ಜೆ ಇಡುವಾಗ ಹಿಮ್ಮಡಿಗೆ ಸಿಕ್ಕುತ್ತದೆ. ಹವಾಯಿ ಚಪ್ಪಲಿ ಹೊರಗೆ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಮಾಡಬಾರದು, ಹಿಂದೆ ಪಟ್ಟಿ ಇರುವ ಪಾದರಕ್ಷೆ ತರಲಿ.

ಮೊದಲ 10 ನಿಮಿಷ ಮೈ ಬಿಸಿ ಮಾಡುವುದು: ಕುಳಿತು ಕಾಲ್ನಡಿಗೆ, ಭುಜ ಹಿಂದಕ್ಕೆ ಸುತ್ತುವುದು, ಪಾದ ಮೇಲೆ-ಕೆಳಗೆ. ಬೀಡಿ ಕಟ್ಟಿದವರ, ಗಂಟೆಗಟ್ಟಲೆ ಅಡಿಕೆ ಸುಲಿದವರ ಕುತ್ತಿಗೆ ಮುಂದಕ್ಕೆ ಬಂದಿರುತ್ತದೆ. ಅವರಿಗೆ ಗೋಡೆಗೆ ಬೆನ್ನು ಕೊಟ್ಟು ಗಲ್ಲವನ್ನು ಒಳಕ್ಕೆ ಎಳೆದು 5 ಎಣಿಸುವುದನ್ನು 8 ಸಲ ಹೆಚ್ಚುವರಿಯಾಗಿ ಕೊಡಿ.

ನಂತರ 20 ನಿಮಿಷ ಶಕ್ತಿಗೆ. ಕುರ್ಚಿಯಿಂದ ಏಳುವುದು ಎಲ್ಲಕ್ಕಿಂತ ಮುಖ್ಯ, ಶೌಚಾಲಯದಿಂದ ತಾನೇ ಎದ್ದು ಬರುವ ಶಕ್ತಿ ಅದೇ. ಪಾದ ಸೊಂಟದಗಲ, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳುವುದು. ಹೆಚ್ಚಿನವರು ತಪ್ಪುವುದು ಎರಡು ಕಡೆ. ಪಾದ ತೀರಾ ಮುಂದಿರುತ್ತದೆ, ಆಗ ಎಷ್ಟು ಬಲ ಹಾಕಿದರೂ ಏಳಲಾಗದೆ ಸೊಂಟ ಉಳುಕುತ್ತದೆ. ಇಲ್ಲವಾದರೆ ಮೊಣಕಾಲು ಒಳಕ್ಕೆ ಬೀಳುತ್ತದೆ, ಆಗ ಮಂಡಿಯ ಒಳಬದಿ ನೋಯುತ್ತದೆ. ಎರಡು ತೊಡೆಯ ನಡುವೆ ಒಂದು ಅಂಗೈ ಅಗಲ ಜಾಗ ಉಳಿಯಬೇಕು ಎಂದು ಹೇಳಿಕೊಡಿ. ಕೂರುವಾಗ ದೊಪ್ಪೆಂದು ಬೀಳದೆ ಮೂರು ಎಣಿಸುತ್ತ ಇಳಿಯುವುದು, ನಿಜವಾದ ವ್ಯಾಯಾಮ ಆ ಇಳಿಯುವುದರಲ್ಲಿದೆ.

ಮುಂದೆ, ಕುಳಿತು ಮೊಣಕಾಲು ನೇರ ಮಾಡುವುದು. ಕುರ್ಚಿಯ ಬೆನ್ನು ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು, ಮೈ ವಾಲದೆ. ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಕೈಯಿಟ್ಟು ತಳ್ಳುವುದು. ಒಂದೊಂದೂ 8ರಿಂದ 10 ಸಲ. ಮೊದಲ ಎರಡು ವಾರ ಒಂದೇ ಸುತ್ತು, ತೂಕವಿಲ್ಲದೆ. ಮೂರನೆಯ ವಾರದಿಂದ ಎರಡು ಸುತ್ತು. 10ರಂತೆ ಎರಡು ಸುತ್ತು ಸಲೀಸಾಗಿ ಆದವರಿಗೆ ಮಾತ್ರ ಮರಳುಚೀಲ. ಪಕ್ಕದವಳಿಗೆ ಕಟ್ಟಿದರೆಂದು ತನಗೂ ಕಟ್ಟಿ ಎನ್ನುವವರು ಖಂಡಿತ ಇರುತ್ತಾರೆ, ಒಪ್ಪಬೇಡಿ.

ಉಸಿರು ಕಟ್ಟಿ ಮಾಡಿದರೆ ಬಿಪಿ ಏರುತ್ತದೆ. ಉಪಾಯ, ಎಲ್ಲರೂ ಜೋರಾಗಿ ಎಣಿಸುವುದು: ಎಣಿಸುತ್ತ ಉಸಿರು ಕಟ್ಟಲು ಆಗುವುದಿಲ್ಲ. ಒಂದು ಸುತ್ತು ಒಂದು, ಎರಡು, ಮೂರು. ಮುಂದಿನದು ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ. ಮತ್ತೊಂದು ಮಲಯಾಳಂನಲ್ಲಿ ಒನ್ನ್, ರಂಡ್, ಮೂನ್ನ್. ನಗೆಯೂ ಆಗುತ್ತದೆ, ಯಾರ ಭಾಷೆಯೂ ಹೊರಗುಳಿಯುವುದಿಲ್ಲ. ಮಲಯಾಳಂ ಮಾತಾಡುವ ಟೀಚರು ಬಂದರೆ ಒಂದು ಎಚ್ಚರಿಕೆ: ಅವರ ‘ಮುಟ್ಟ್’ ಎಂದರೆ ಮೊಣಕಾಲು. ಕನ್ನಡದ ಅಜ್ಜಿ ಏನನ್ನು ಮುಟ್ಟಬೇಕೆಂದು ಹುಡುಕುತ್ತಾಳೆ, ಅಥವಾ ಆ ಮಾತನ್ನೆಲ್ಲ ಇಲ್ಲಿ ಯಾಕೆ ತೆಗೆದರೆಂದು ಹುಬ್ಬುಗಂಟಿಕ್ಕುತ್ತಾಳೆ.

ಸಮತೋಲಕ್ಕೆ 10 ನಿಮಿಷ: ಗೋಡೆ ಪಕ್ಕ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ, ಪಕ್ಕಕ್ಕೆ ಹತ್ತು ಹೆಜ್ಜೆ, ಒಂಟಿ ಕಾಲು. ನಂತರ 10 ನಿಮಿಷ ನಡಿಗೆ. ಎಷ್ಟು ಬೇಗ? ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಡಿ ಎಣಿಸುವ ಕ್ರಮ ಬೇಡ, ಬಿಪಿಯ ಕೆಲವು ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಇಂಥ ಚಟುವಟಿಕೆ, ಎರಡು ದಿನ ಶಕ್ತಿಯ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸ. ತರಗತಿಯಲ್ಲಿ ಸಿಗುವುದು ಅದರ ಒಂದು ತುಂಡು ಮಾತ್ರ. ಉಳಿದದ್ದಕ್ಕೆ ಇಬ್ಬಿಬ್ಬರು ಜೊತೆಯಾಗಿ ಸಂಜೆ ನಡೆಯಲಿ. ಇಬ್ಬರು ಹೆಂಗಸರು ಒಟ್ಟಿಗೆ ನಡೆದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಸಿಕ್ಕ ಅನುಕೂಲವನ್ನು ಬಳಸಿಕೊಳ್ಳಿ.

ಕೊನೆಗೆ ಕುಳಿತು ಮೀನಖಂಡ, ತೊಡೆಯ ಹಿಂಭಾಗ ಸೆಳೆಯುವುದು, ಮತ್ತು ಮೂತ್ರ ಸೋರುವವರಿಗಷ್ಟೇ ಅಲ್ಲದೆ ಎಲ್ಲರಿಗೂ ತಳಭಾಗದ ಸ್ನಾಯು ಬಿಗಿಯುವುದು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನೇ 5 ಎಣಿಸುವಷ್ಟು ಹೊತ್ತು ಬಿಗಿದು, ಅಷ್ಟೇ ಹೊತ್ತು ಬಿಡುವುದು, 10 ಸಲ. ಮನೆಯಲ್ಲಿ ದಿನಕ್ಕೆ ಮೂರು ಹೊತ್ತು, ಕನಿಷ್ಠ 3 ತಿಂಗಳು. ಮೂತ್ರ ಮಾಡುತ್ತಿರುವಾಗ ಇದನ್ನು ಮಾಡಬಾರದು.

ಮೂಳೆ ಸವೆತ ಇದ್ದವರಿಗೆ ಮುಂದಕ್ಕೆ ಬಾಗಿ ಪಾದ ಮುಟ್ಟುವುದು, ಸೊಂಟ ತಿರುಚುವುದು ಕೂಡದು, ಬೆನ್ನೆಲುಬಿನ ಮಣಿ ಕುಸಿಯಬಹುದು. ಯೋಗ ಕಲಿತವರು ಸೂರ್ಯನಮಸ್ಕಾರ ಮಾಡಿಸೋಣ ಎಂದರೆ ಇದನ್ನು ಹೇಳಿ. ಗ್ಲಾಕೋಮಾ ಇದ್ದವರು ತಲೆ ಕೆಳಗಾಗುವ ಯಾವುದನ್ನೂ ಮಾಡಬಾರದು. ಮರುದಿನ ಸ್ನಾಯು ಸ್ವಲ್ಪ ನೋಯುವುದು ಸರಿಯೇ. ಕೀಲು ನೋಯುತ್ತ, ವ್ಯಾಯಾಮದ ನಂತರ ಎರಡು ಗಂಟೆ ದಾಟಿದರೂ ಮೊದಲಿಗಿಂತ ಹೆಚ್ಚೇ ಇದ್ದರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ.

ನಾಲ್ಕನೆಯ ವಾರ ಒಂದು ದಿನವನ್ನು ಬಿದ್ದ ಮೇಲೆ ಏಳುವುದಕ್ಕೇ ಮೀಸಲಿಡಿ, ಒಬ್ಬಂಟಿಯಾಗಿರುವವರಿಗೆ ಇದು ಎಲ್ಲಕ್ಕಿಂತ ಉಪಯೋಗ. ಚಾಪೆಯ ಮೇಲೆ ಮಲಗಿಸಿ: ಮಗ್ಗುಲಾಗು, ಮೊಣಕೈ ಊರು, ಅಂಬೆಗಾಲಿಗೆ ಬಾ, ಕುರ್ಚಿಯವರೆಗೆ ಹೋಗಿ ಎರಡೂ ಕೈ ಆಸನದ ಮೇಲಿಡು, ಗಟ್ಟಿ ಕಾಲಿನ ಪಾದ ಮುಂದಿಟ್ಟು ಒತ್ತಿ ಎದ್ದು, ತಿರುಗಿ ಕೂರು. ಮಂಡಿಯ ಕೆಳಗೆ ಮಡಚಿದ ಕಂಬಳಿ ಹಾಕಿ. ಮಂಡಿ ಬದಲಿಸಿಕೊಂಡವರು ಡಾಕ್ಟರನ್ನು ಕೇಳಿಯೇ ಮಾಡಲಿ.

ಮಾತು, ಮುಟ್ಟುವಿಕೆ, ಮುನಿಸು

‘ಮೊಮ್ಮಗುವನ್ನು ಎತ್ತಲು ಶಕ್ತಿ ಬೇಕಲ್ಲ’, ‘ಯಜಮಾನರಿಗೂ ಹೇಳಿಕೊಡಿ’ ಎಂಬ ರೂಢಿಯ ಹುರಿದುಂಬಿಕೆ ಬಿಡಿ. ‘ಬಾವಿಯಿಂದ ಕೊಡಪಾನ ಎತ್ತಲು’ ಎನ್ನಿ, ಎಲ್ಲರಿಗೂ ಸಲ್ಲುತ್ತದೆ. ಭಂಗಿ ತಿದ್ದಲು ಮೈ ಮುಟ್ಟುವ ಮೊದಲು ಪ್ರತಿ ಸಲವೂ ಕೇಳಿ. ಜೋಡಿಯಾಗಿ ಮಾಡುವ ವ್ಯಾಯಾಮದಲ್ಲಿ ನೀವು ಜೋಡಿ ಕಟ್ಟಬೇಡಿ. ಯಾರು ಯಾರ ಪಕ್ಕ ನಿಲ್ಲುತ್ತಾರೋ ನಿಲ್ಲಲಿ, ಒಂಟಿಯಾಗಿ ಉಳಿದವರಿಗೆ ನೀವೇ ಜೋಡಿ.

ಜಗಳ ಹೊರಗಿನಿಂದಲೇ ಬರಬೇಕೆಂದಿಲ್ಲ. ಗಂಡ, ಮಕ್ಕಳಿರುವ ಬೈಸೆಕ್ಷುವಲ್ ಹೆಂಗಸಿಗೆ ಒಳಗಿನವರೇ ‘ಅವಳಿಗೇನು ಮಾರಾಯ್ತಿ, ಎರಡೂ ಕಡೆ ಕಾಲು’ ಎಂದುಬಿಡುತ್ತಾರೆ. ಆ ಕ್ಷಣದಲ್ಲೇ, ನಗದೆ, ‘ಆ ಮಾತು ಇಲ್ಲಿ ಬೇಡ ಅಕ್ಕ’ ಎಂದು ನಿಲ್ಲಿಸಬೇಕು. ಒಮ್ಮೆ ಬಿಟ್ಟರೆ ಮುಂದಿನ ವಾರ ಅವರ ಕುರ್ಚಿ ಖಾಲಿ. ಜೊತೆಗಿದ್ದ ಇಬ್ಬರು ಬೇರೆಯಾದರೆ ವಾರದ ಎರಡು ದಿನವನ್ನು ಒಬ್ಬೊಬ್ಬರಿಗೆ ಒಂದೊಂದಾಗಿ ಹಂಚಿಕೊಡಿ. ಯಾರ ಪಕ್ಷ ಎಂದು ಕೂಟ ಕೇಳಬಾರದು.

ಇನ್ನು ಸಾವು. ಸಂಗಾತಿ ತೀರಿಕೊಂಡರೆ ಉಳಿದವಳಿಗೆ ಸೂತಕ ಇಲ್ಲ, ಬೊಜ್ಜದ (ಉತ್ತರಕ್ರಿಯೆಯ) ಊಟದಲ್ಲಿ ಅವಳು ಹತ್ತರಲ್ಲಿ ಹನ್ನೊಂದನೆಯ ಗೆಳತಿ. ಅಳಲು ಜಾಗ ಸಿಗದ ದುಃಖ ಮೈಗಿಳಿಯುತ್ತದೆ: ನಿದ್ದೆ ಇಲ್ಲ, ಊಟ ಇಲ್ಲ, ಕಾಲು ಏಳುವುದಿಲ್ಲ. ಅಂಥವರು ಬಂದು ಸುಮ್ಮನೆ ಕುರ್ಚಿಯಲ್ಲಿ ಕುಳಿತಿದ್ದರೂ ಹಾಜರಿ ಹಾಕಿ. ಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ದಿನದ ಯಾವ ಹೊತ್ತಿಗೂ ಕರೆ ಮಾಡಬಹುದು.

ಮಳೆಗಾಲ, ಮತ್ತು ಹನ್ನೆರಡನೆಯ ವಾರ

ಜೂನ್ ಬಂತೆಂದರೆ ಮುರಕಲ್ಲಿನ ಮೆಟ್ಟಿಲಿಗೆ ಪಾಚಿ. ಸುಣ್ಣದ ನೀರು ಹಾಕಿ ತೆಂಗಿನ ಗರಿಯ ಪೊರಕೆಯಲ್ಲಿ ವಾರಕ್ಕೊಮ್ಮೆ ಉಜ್ಜಿ, ಕಾಲಿಡುವ ಜಾಗಕ್ಕೆ ಒರಟು ಮರಳು ಚೆಲ್ಲಿ. ಕೆಂಪು ಅಲರ್ಟ್ ಇದ್ದ ದಿನ ತರಗತಿ ಇಲ್ಲ ಎಂಬುದು ಮೊದಲೇ ಗೊತ್ತಿರಲಿ, ಬೆಳಗ್ಗೆ ಆರಕ್ಕೆ ಸಂದೇಶಕ್ಕಾಗಿ ಯಾರೂ ಕಾಯಬೇಕಾಗಿಲ್ಲ. ರಜೆ ಹತ್ತು ದಿನ ದಾಟಿದರೆ ಬಿಟ್ಟಲ್ಲಿಂದ ಅಲ್ಲ, ಎರಡು ವಾರ ಹಿಂದಿನ ಮಟ್ಟದಿಂದ ಶುರು ಮಾಡಿ.

ಹನ್ನೆರಡನೆಯ ವಾರ ಮತ್ತೆ ಅದೇ ಮೂರು ಅಳತೆ, ಅದೇ ಕುರ್ಚಿ, ಅದೇ ಹೊತ್ತು. ಕುರ್ಚಿ ಬದಲಾದರೆ ಲೆಕ್ಕ ಕೆಟ್ಟಿತು, ಎರಡಿಂಚು ತಗ್ಗಿನ ಆಸನದಲ್ಲಿ ಯಾರದ್ದಾದರೂ ಸಂಖ್ಯೆ ಇಳಿಯುತ್ತದೆ. ಫಲಿತಾಂಶವನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಚೀಟಿಯಲ್ಲಿ ಬರೆದು ಕೊಡಿ.

ಆ ದಿನವೇ ಲಕೋಟೆಗಳನ್ನೂ ತೆಗೆಯಿರಿ. ಮುಂದಿನ ಅವಧಿಗೆ ಬರುವವರು ತಮ್ಮದನ್ನು ನೋಡಿ, ನಂಬರು ಬದಲಾಗಿದ್ದರೆ ಹೊಸದು ಬರೆದು ಮತ್ತೆ ಅಂಟಿಸಲಿ. ಬಾರದವರ ಲಕೋಟೆಯನ್ನು ಒಡೆಯದೆ ಅವರವರ ಕೈಗೇ ಕೊಡಿ. ಬಹಳ ಮಂದಿ ಅದನ್ನು ಅಲ್ಲೇ ಹರಿದು, ಚಹಾದ ಒಲೆಗೆ ಹಾಕಿ ಹೋಗುತ್ತಾರೆ.